ಮನೆಯ ನಕ್ಷೆ ಆರಿಸುವ ಮುನ್ನ

ಮಳೆಗಾಲ ಮುಗಿದೊಡನೆ ನಮ್ಮ ಕರಾವಳಿಯಲ್ಲಿ ಹೊಸ ಮನೆಗಳ ಕೆಲಸ ಆರಂಭವಾಗುತ್ತದೆ. ಅಡಿಗಲ್ಲಿನ ಆಶೀರ್ವಾದಕ್ಕೆ ದಿನ ಗೊತ್ತುಮಾಡಲು ಬರುವ ಕುಟುಂಬಗಳು ಎರಡು ಮೂರು ನಕ್ಷೆಗಳನ್ನು ಮೇಜಿನ ಮೇಲೆ ಹರಡಿ, "ಫಾದರ್, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳುವುದುಂಟು. ನಕ್ಷೆ ಬರೆಯುವ ವಿದ್ಯೆಯನ್ನು ಸೆಮಿನರಿಯಲ್ಲಿ ಕಲಿಸುವುದಿಲ್ಲ. ಆದರೆ ಕಟ್ಟಿದ ಮನೆಯಲ್ಲಿ ಇಪ್ಪತ್ತು ವರ್ಷಗಳ ಬಳಿಕ ಜನರು ಹೇಗೆ ಬಾಳುತ್ತಿದ್ದಾರೆಂಬುದನ್ನು ಕಾಣುವ ಅವಕಾಶ ಇಂಜಿನಿಯರರಿಗಿಂತ ಧರ್ಮಗುರುವಿಗೇ ಹೆಚ್ಚು.

ಹೀಗೆ ಬರುವ ನಕ್ಷೆಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದರಲ್ಲಿ ಎರಡು ಅಂತಸ್ತಿನೆತ್ತರದ ವಿಶಾಲ ಹಾಲ್, ಅಲ್ಲಿಂದ ತಿರುಗಿ ಏರುವ ಮೆಟ್ಟಿಲು, ಮಲಗುವ ಕೋಣೆಗಳೆಲ್ಲ ಮಹಡಿಯಲ್ಲಿ. ಇನ್ನೊಂದರಲ್ಲಿ ಮುಂದೆ ಜಗಲಿ, ಸಾಧಾರಣ ಗಾತ್ರದ ಹಾಲ್, ಅದಕ್ಕೆ ತಾಗಿ ಊಟದ ಸ್ಥಳ ಮತ್ತು ಅಡುಗೆಕೋಣೆ, ಕೆಳಗೇ ಬಚ್ಚಲುಸಹಿತವಾದ ಒಂದು ಮಲಗುವ ಕೋಣೆ, ಉಳಿದವು ಮೇಲೆ. ಕಾಗದದಲ್ಲಿ ಮೊದಲನೆಯದೇ ಅಂದ. ನನ್ನ ಅಭಿಪ್ರಾಯ ಎರಡನೆಯದರ ಪರ.

ಯಾವುದೇ ವಸ್ತುವನ್ನು ಅರಿಯಲು ನಾಲ್ಕು ಕಾರಣಗಳನ್ನು ವಿಚಾರಿಸಬೇಕೆಂದು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಬೋಧಿಸಿದನು: ಅದು ಯಾವುದರಿಂದ ಆಯಿತು, ಯಾವ ರೂಪ ತಾಳಿತು, ಯಾರಿಂದ ಆಯಿತು, ಯಾವುದಕ್ಕಾಗಿ ಆಯಿತು. ಕೆಂಪುಕಲ್ಲೋ ಸಿಮೆಂಟ್ ಬ್ಲಾಕೋ, ಮುಂಭಾಗ ಹೇಗಿರಬೇಕು, ಗುತ್ತಿಗೆ ಯಾರಿಗೆ ಎಂಬ ಮೂರು ಪ್ರಶ್ನೆಗಳನ್ನು ನಾವು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಈ ಮನೆ ಯಾರ ಬಾಳಿಗಾಗಿ ಎಂಬ ನಾಲ್ಕನೆಯ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ.

ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಎದ್ದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕ. ಮಕ್ಕಳು ಪರದೇಶದಲ್ಲಿ, ವರ್ಷದ ಹನ್ನೊಂದು ತಿಂಗಳು ಅಲ್ಲಿರುವವರು ವೃದ್ಧ ತಂದೆತಾಯಿ ಇಬ್ಬರೇ. ಮೊಣಕಾಲು ಸೋತಾಗ ಮಹಡಿಯ ಕೋಣೆಗಳಿಗೆ ಬೀಗ ಬೀಳುತ್ತದೆ, ಮಂಚ ಹಾಲಿನ ಮೂಲೆಗೆ ಇಳಿಯುತ್ತದೆ. ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಒಯ್ಯುವಾಗ, ಲಕ್ಷಾಂತರ ರೂಪಾಯಿಯ ಮನೆಯೊಳಗೆ ಒಂದು ಪರದೆಯ ಮರೆಯಲ್ಲಿ ಮಲಗಿರುವ ತಾಯಂದಿರನ್ನು ಕಂಡಿದ್ದೇನೆ. ಬಂದವರೆಲ್ಲ ಅವರ ಮಂಚವನ್ನು ದಾಟಿಯೇ ಹೋಗಬೇಕು. ಮಕ್ಕಳಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ನಕ್ಷೆಯಲ್ಲಿ ಆ ತಾಯಿಗೊಂದು ಕೋಣೆ ಇರಲಿಲ್ಲ.

ಆದುದರಿಂದ ಕೆಳ ಅಂತಸ್ತಿನ ಒಂದು ಕೋಣೆಯನ್ನು ಬಿಟ್ಟುಕೊಡಬೇಡಿ. ಅದರ ಮತ್ತು ಬಚ್ಚಲಿನ ಬಾಗಿಲುಗಳು ಮೂರು ಅಡಿ ಅಗಲವಿದ್ದರೆ ಗಾಲಿಕುರ್ಚಿ ಒಳಗೆ ಹೋಗುತ್ತದೆ. ಹೊಸ್ತಿಲು ಎಡವದಿರಲಿ, ನೆಲ ಜಾರದಿರಲಿ. ಮಲಗಿದಲ್ಲಿಗೆ ಅಂಗಳ ಕಾಣುವ ಕಿಟಕಿಯಿರಲಿ, ಹಾಲಿನ ದೇವರ ಪೀಠದೆದುರು ನಡೆಯುವ ಸಂಜೆಯ ಜಪಸರ ಪ್ರಾರ್ಥನೆ ಕೇಳುವಂತಿರಲಿ. ಅಂದು ಅಜ್ಜಿಗಾಗಿ ಕಟ್ಟಿದ ಆ ಕೋಣೆ ನಾಳೆ ಕಟ್ಟಿದವರಿಗೇ ಬೇಕಾಗುತ್ತದೆ.

ಎರಡನೆಯ ವಿಚಾರ ಮಳೆಯದು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆ ನಮ್ಮದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಇಳಿಜಾರಿನ ಹಂಚಿನ ಮಾಡು ಇಲ್ಲಿಯ ಮನೆಗಳ ಗುರುತೇ ಆಯಿತು. ಇಂದು ಸಮತಟ್ಟಾದ ತಾರಸಿ ಕಟ್ಟಿ, ಅದು ಸೋರಿದಾಗ ಮೇಲೆ ಮತ್ತೆ ಶೀಟಿನ ಮಾಡು ಹೊದಿಸುತ್ತೇವೆ. ಒಂದು ಮನೆಗೆ ಎರಡು ಮಾಡಿನ ಖರ್ಚು! ನೈಋತ್ಯದಿಂದ ಬೀಸುವ ಮಳೆಗೆ ಅಗಲವಾದ ಸಜ್ಜಾ, ಆಟಿ ತಿಂಗಳಲ್ಲಿ ಬಟ್ಟೆ ಒಣಗಿಸಲು ಮಾಡಿನಡಿಯ ಜಾಗ, ಇವು ನಕ್ಷೆಯಲ್ಲೇ ಇರಬೇಕಾದವು.

ಹಾಗೆಂದು ಹಳೆಯ ಮನೆಗಳೇ ಸ್ವರ್ಗವಾಗಿದ್ದವೆಂದು ನಾನು ಹೇಳುವುದಿಲ್ಲ. ಹಿಂಬದಿಯ ಹೊಗೆ ತುಂಬಿದ ಅಡುಗೆಕೋಣೆಯಲ್ಲಿ ಎಷ್ಟೋ ಹೆಂಗಸರ ಕಣ್ಣು ಸವೆಯಿತು. ನವದಂಪತಿಗೆ ನಾಲ್ಕು ಮಾತಾಡಲು ಏಕಾಂತವಿರಲಿಲ್ಲ. ಪ್ರತ್ಯೇಕ ಕೋಣೆಗಳು ಐಷಾರಾಮವಲ್ಲ, ಅಗತ್ಯ. ಹೆಚ್ಚು ಹೊತ್ತು ಮನೆಯೊಳಗೆ ದುಡಿಯುವವರ ಮುಂದೆ ನಕ್ಷೆಯನ್ನು ಮೊದಲು ಇಡುವುದೇ ನ್ಯಾಯ.

ಎರಡು ಅಂತಸ್ತಿನ ಹಾಲ್ ಬೇಕೆನ್ನುವವರು ಮಕ್ಕಳ ಮದುವೆಯನ್ನು ನೆನೆಯುತ್ತಾರೆ. ಆದರೆ ರೋಸ್ ಕಾರ್ಯಕ್ರಮವೂ ಈಗ ಬಹುಮಟ್ಟಿಗೆ ಸಭಾಭವನಗಳಿಗೆ ಹೋಗಿದೆ. ಒಂದು ದಿನದ ಅತಿಥಿಗಳಿಗಾಗಿ ಇಪ್ಪತ್ತು ವರ್ಷ ಬ್ಯಾಂಕಿಗೆ ಕಂತು ಕಟ್ಟುವುದು ವಿವೇಕವೇ? ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ಯೇಸು ಎಚ್ಚರಿಸಿದ್ದು ಸಾಲ ಮಾಡಿ ಮನೆ ಕಟ್ಟುವವರಿಗೂ ಸಲ್ಲುತ್ತದೆ.

ಕೊನೆಗೆ ಒಂದು ಸುಲಭದ ಸಲಹೆ. ನಕ್ಷೆಗೆ ಸಹಿ ಹಾಕುವ ಮೊದಲು ಅದನ್ನು ನಿವೇಶನದಲ್ಲಿ ಸುಣ್ಣದ ಗೆರೆಗಳಿಂದ ನೆಲದ ಮೇಲೆ ಬರೆಸಿ, ಮನೆಮಂದಿಯೆಲ್ಲರೂ ಹೋಗಿ ಅದರೊಳಗೆ ನಡೆದು ನೋಡಿರಿ. ಅಡುಗೆ ಮಾಡುವವರು ಒಲೆಯ ಬಳಿ ನಿಲ್ಲಲಿ, ಮಗು ಓದುವ ಮೂಲೆಯಲ್ಲಿ ಕೂರಲಿ. ಮನೆಯ ಹಿರಿಯರ ಕೈಹಿಡಿದು ಕರೆತಂದು, "ನಿಮ್ಮ ಕೋಣೆ ಇದು" ಎಂದು ತೋರಿಸಲು ಅಲ್ಲೊಂದು ಜಾಗವಿದ್ದರೆ, ಆ ನಕ್ಷೆಯನ್ನೇ ಆರಿಸಿರಿ.