ಮೇಲ್ ಐಡಿ ಸರಿಯಾಗಿದ್ದ ಮಾತ್ರಕ್ಕೆ ಮೇಲ್ ಅಸಲಿಯೇ?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಮೇಲ್‌ಗಳ ಸ್ಕ್ರೀನ್‌ಶಾಟ್ ಬರುತ್ತಿರುತ್ತವೆ. ದೊಡ್ಡ ಕಂಪನಿಯಿಂದ ಕೆಲಸದ ಆಫರ್, ಬ್ಯಾಂಕಿನಿಂದ ಕೆವೈಸಿ ಎಚ್ಚರಿಕೆ, ತೆರಿಗೆ ಇಲಾಖೆಯಿಂದ ರೀಫಂಡ್. ಯಾರಾದರೂ "ಇದು ನಿಜವಾ?" ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಕಂಪನಿಯ ಅಫಿಶಿಯಲ್ ಮೇಲ್ ಐಡಿಯಿಂದಲೇ ಬಂದಿದೆ, ನೋಡಿ."

ಇದನ್ನು ಪುರಾವೆ ಎಂದು ಒಪ್ಪಲಾಗದು. ಮೇಲ್‌ನ ಮೇಲ್ಭಾಗದಲ್ಲಿ ಕಾಣುವ ಕಳುಹಿಸಿದವರ ವಿಳಾಸವನ್ನು ಯಾರು ಬೇಕಾದರೂ ಬರೆಯಬಹುದು. ಆ ಸುಳ್ಳನ್ನು ಹಿಡಿಯುವ ವ್ಯವಸ್ಥೆ ಇದೆ, ಆದರೆ ಅದು ತಾನಾಗಿ ಕೆಲಸ ಮಾಡುವುದಿಲ್ಲ. ಡೊಮೇನ್‌ನ ಮಾಲೀಕರು, ಅಂದರೆ ಆ ಕಂಪನಿ, ಶಾಲೆ ಅಥವಾ ಸಂಘ, ತಮ್ಮ ಡಿಎನ್‌ಎಸ್‌ನಲ್ಲಿ ಕೆಲವು ಸಾಲುಗಳನ್ನು ಬರೆದಿಡಬೇಕು. ಬರೆಯದಿದ್ದರೆ ಅವರ ಹೆಸರಿನಲ್ಲಿ ಬೇರೆಯವರು ಮೇಲ್ ಕಳಿಸಬಹುದು, ಅವರದೇ ಅಸಲಿ ಮೇಲ್ ಸ್ಪ್ಯಾಮ್‌ಗೆ ಹೋಗಬಹುದು.

ಸುಳ್ಳು ವಿಳಾಸ ಬರೆಯಲು ಹೇಗೆ ಸಾಧ್ಯ?

ಅಂಚೆ ಪತ್ರವನ್ನು ನೆನಪಿಸಿಕೊಳ್ಳಿ. ಲಕೋಟೆಯ ಮೇಲೆ "ಗೆ" ಮತ್ತು "ಇಂದ" ಎಂದು ಎರಡು ವಿಳಾಸ ಇರುತ್ತವೆ. ಪತ್ರ ತಲುಪಲು ಅಂಚೆಯವರಿಗೆ "ಗೆ" ವಿಳಾಸ ಸಾಕು. "ಇಂದ" ಎಂಬಲ್ಲಿ ನೀವು ಯಾರ ಹೆಸರು ಬರೆದರೂ ಪತ್ರ ಹೋಗುತ್ತದೆ. ಇನ್ನು ಲಕೋಟೆಯ ಒಳಗಿನ ಕಾಗದದಲ್ಲಿ ಮತ್ತೊಂದು "ಇವರಿಂದ" ಇರುತ್ತದೆ. ಅದು ಲಕೋಟೆಯ ಹೆಸರಿಗೆ ಹೊಂದುತ್ತದೆಯೇ ಎಂದು ಯಾರೂ ನೋಡುವುದಿಲ್ಲ.

ಇ-ಮೇಲ್ ಕೂಡ ಹಾಗೆಯೇ. ಮೇಲ್ ಸಾಗಿಸುವ ನಿಯಮವಾದ ಎಸ್‌ಎಂಟಿಪಿ 1982ರಲ್ಲಿ ಬಂತು. ಆಗ ಇದನ್ನು ಬಳಸುತ್ತಿದ್ದವರು ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಸಂಸ್ಥೆಗಳ ಕೆಲವೇ ಜನ. ಕಳುಹಿಸುವವರ ಗುರುತು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಇಂದಿಗೂ ಜಗತ್ತಿನ ಮೇಲ್ ಓಡುತ್ತಿರುವುದು ಆ ನಿಯಮದ ಮೇಲೆಯೇ. ಸರ್ವರ್‌ಗಳು ನೋಡುವ "ಲಕೋಟೆ"ಯ ವಿಳಾಸ ಬೇರೆ, ನಿಮ್ಮ ಫೋನಿನಲ್ಲಿ ಕಾಣುವ "ಒಳಗಿನ ಕಾಗದ"ದ ವಿಳಾಸ ಬೇರೆ. ವಂಚಕರು ಆಟವಾಡುವುದು ಈ ಎರಡರ ನಡುವೆ.

ಡಿಎನ್‌ಎಸ್‌ಗೂ ಇದಕ್ಕೂ ಏನು ಸಂಬಂಧ?

ಡಿಎನ್‌ಎಸ್ ಎಂದರೆ ಇಂಟರ್ನೆಟ್‌ನ ವಿಳಾಸ ಪುಸ್ತಕ. ಇದರ ವಿನ್ಯಾಸ 1983ರಲ್ಲಿ ಬಂತು. ಒಂದು ಡೊಮೇನ್‌ನ ವೆಬ್‌ಸೈಟ್ ಎಲ್ಲಿದೆ, ಅದರ ಮೇಲ್ ಎಲ್ಲಿಗೆ ಹೋಗಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಓದುವುದು ಎಲ್ಲರಿಗೂ ಮುಕ್ತ, ತಿದ್ದುವ ಹಕ್ಕು ಡೊಮೇನ್ ಮಾಲೀಕರಿಗೆ ಮಾತ್ರ. ಹಾಗಾಗಿಯೇ "ನನ್ನ ಹೆಸರಿನಲ್ಲಿ ಯಾರು ಮೇಲ್ ಕಳಿಸಬಹುದು" ಎಂದು ಘೋಷಿಸಲು ಅದು ಸರಿಯಾದ ಜಾಗ.

ಉದಾಹರಣೆಗೆ, ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಸ್ವಂತ ಡೊಮೇನ್ ಕೊಂಡು, ಗೂಗಲ್ ವರ್ಕ್‌ಸ್ಪೇಸ್, ಮೈಕ್ರೋಸಾಫ್ಟ್ 365 ಅಥವಾ ಜೋಹೋದಂಥ ಸೇವೆಯಲ್ಲಿ ಮೇಲ್ ತೆರೆದಿದ್ದಾರೆ. ಅವರು ಡಿಎನ್‌ಎಸ್‌ನಲ್ಲಿ ನಾಲ್ಕು ದಾಖಲೆಗಳನ್ನು ಬರೆಯಬೇಕು.

1. ಎಂಎಕ್ಸ್: ನಮಗೆ ಬರುವ ಮೇಲ್ ಅನ್ನು ಈ ಸರ್ವರ್‌ಗೆ ಕೊಡಿ ಎಂಬ ಸೂಚನೆ. ಇದಿಲ್ಲದಿದ್ದರೆ ಮೇಲ್ ಸರಿಯಾದ ಇನ್‌ಬಾಕ್ಸ್‌ಗೆ ಬರುವುದಿಲ್ಲ. ಸೇವೆ ಬದಲಿಸಿದಾಗ ಹಳೆಯ ಎಂಎಕ್ಸ್ ಅಳಿಸಲು ಮರೆತರೆ ಕೆಲವು ಮೇಲ್ ಹಳೆಯ ಪೆಟ್ಟಿಗೆಗೇ ಹೋಗಿ ಬೀಳಬಹುದು.

2. ಎಸ್‌ಪಿಎಫ್: ನಮ್ಮ ಡೊಮೇನ್‌ನಿಂದ ಮೇಲ್ ಕಳಿಸಲು ಅನುಮತಿ ಇರುವ ಸರ್ವರ್‌ಗಳ ಪಟ್ಟಿ. ಮೇಲ್ ಪಡೆಯುವ ಸರ್ವರ್ ಈ ಪಟ್ಟಿ ನೋಡಿ ಹೋಲಿಸುತ್ತದೆ. ಆದರೆ ಎಸ್‌ಪಿಎಫ್ ನೋಡುವುದು ಲಕೋಟೆಯ ವಿಳಾಸವನ್ನು ಮಾತ್ರ.

3. ಡಿಕಿಮ್: ಹೊರಡುವ ಪ್ರತಿ ಮೇಲ್‌ಗೂ ಹಾಕುವ ಡಿಜಿಟಲ್ ಮುದ್ರೆ. ಮುದ್ರೆ ಒತ್ತುವ ಗುಟ್ಟಿನ ಕೀಲಿ ಮೇಲ್ ಸೇವೆಯ ಬಳಿ ಇರುತ್ತದೆ. ಅದನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿರುತ್ತದೆ. ದಾರಿಯಲ್ಲಿ ಯಾರಾದರೂ ಮೇಲ್‌ನ ಒಳಗಿನ ಖಾತೆ ಸಂಖ್ಯೆ ತಿದ್ದಿದರೆ ಮುದ್ರೆ ಹೊಂದುವುದಿಲ್ಲ.

4. ಡಿಮಾರ್ಕ್: ಮೇಲಿನ ಎರಡನ್ನೂ ನಿಮ್ಮ ಕಣ್ಣಿಗೆ ಕಾಣುವ ವಿಳಾಸಕ್ಕೆ ಜೋಡಿಸುವ ಕೊಂಡಿ. ಎಸ್‌ಪಿಎಫ್ ಅಥವಾ ಡಿಕಿಮ್ ಎರಡರಲ್ಲಿ ಒಂದಾದರೂ ಪಾಸಾಗಬೇಕು, ಅದರಲ್ಲಿರುವ ಡೊಮೇನ್ ಕಾಣುವ ವಿಳಾಸದ ಡೊಮೇನ್‌ಗೆ ಹೊಂದಬೇಕು. ಹೊಂದದಿದ್ದರೆ ಏನು ಮಾಡಬೇಕು ಎಂಬುದನ್ನೂ ಮಾಲೀಕರೇ ಇಲ್ಲಿ ಹೇಳುತ್ತಾರೆ: ಸುಮ್ಮನೆ ಬಿಡಿ, ಸ್ಪ್ಯಾಮ್‌ಗೆ ಹಾಕಿ, ಅಥವಾ ತಿರಸ್ಕರಿಸಿ.

ನಾಲ್ಕನೆಯದು ಯಾಕೆ ಮುಖ್ಯ? ವಂಚಕನೊಬ್ಬ ತನ್ನದೇ ಡೊಮೇನ್ ಕೊಂಡು ಅದಕ್ಕೆ ಸರಿಯಾದ ಎಸ್‌ಪಿಎಫ್ ಹಾಕಿಕೊಳ್ಳಬಹುದು. ಲಕೋಟೆಯ ಮೇಲೆ ತನ್ನ ವಿಳಾಸ, ಒಳಗಿನ ಕಾಗದದಲ್ಲಿ ಪೀಣ್ಯದ ವರ್ಕ್‌ಶಾಪ್‌ನ ವಿಳಾಸ. ಎಸ್‌ಪಿಎಫ್ ಪಾಸ್! "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣವನ್ನು ಈ ಹೊಸ ಖಾತೆಗೆ ಹಾಕಿ" ಎಂಬ ಮೇಲ್ ಗ್ರಾಹಕರಿಗೆ ತಲುಪುತ್ತದೆ. ಗ್ರಾಹಕರ ಹಣ ಹೋಗುತ್ತದೆ, ವರ್ಕ್‌ಶಾಪ್‌ನವರಿಗೆ ಬಾಕಿ ಬರುವುದಿಲ್ಲ. ಇಬ್ಬರ ನಡುವಿನ ವರ್ಷಗಳ ನಂಬಿಕೆಯೂ ಕೆಡುತ್ತದೆ. ಡಿಮಾರ್ಕ್‌ನಲ್ಲಿ "ತಿರಸ್ಕರಿಸಿ" ಎಂದು ಬರೆದಿದ್ದರೆ, ಅದನ್ನು ಪಾಲಿಸುವ ಸರ್ವರ್‌ಗಳು ಈ ಮೇಲ್ ಅನ್ನು ಬಾಗಿಲಲ್ಲೇ ನಿಲ್ಲಿಸುತ್ತವೆ.

ನಂಬಿಕೆ: "ನಮ್ಮ ಮೇಲ್ ಸ್ಪ್ಯಾಮ್‌ಗೆ ಹೋಗೋದು ಜಿಮೇಲ್‌ನ ತಪ್ಪು"

ಹಲವು ಸಲ ಕಾರಣ ಕಳುಹಿಸುವವರ ದಾಖಲೆಗಳಲ್ಲೇ ಇರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವ ಪ್ರತಿ ಡೊಮೇನ್‌ಗೂ ಎಸ್‌ಪಿಎಫ್ ಅಥವಾ ಡಿಕಿಮ್ ಇರಬೇಕು. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ.

ಸಾಮಾನ್ಯವಾಗಿ ಆಗುವ ಎಡವಟ್ಟುಗಳು ಇವು:

• ಒಂದೇ ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆ ಬರೆಯುವುದು. ಇರಬೇಕಾದ್ದು ಒಂದೇ. ಎರಡಿದ್ದರೆ ಪರೀಕ್ಷೆಯೇ ಕೆಡುತ್ತದೆ. ಹೊಸ ಸೇವೆಯನ್ನು ಇರುವ ಸಾಲಿನೊಳಗೇ ಸೇರಿಸಬೇಕು.
• ಬಿಲ್ ಕಳಿಸುವ ಸಾಫ್ಟ್‌ವೇರ್ ಅಥವಾ ವೆಬ್‌ಸೈಟ್‌ನ ಫಾರಂ ಕೂಡ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸುತ್ತದೆ ಎಂಬುದನ್ನು ಮರೆಯುವುದು.
• ಡಿಎನ್‌ಎಸ್ ಇರುವುದು ಒಂದು ಕಡೆ, ತಿದ್ದುವುದು ಇನ್ನೊಂದು ಕಡೆ. ಡೊಮೇನ್ ಕೊಂಡ ಜಾಗ ಮತ್ತು ಅದರ ನೇಮ್‌ಸರ್ವರ್ ಇರುವ ಜಾಗ ಬೇರೆ ಬೇರೆ ಇರಬಹುದು. ತಿದ್ದಬೇಕಾದ್ದು ನೇಮ್‌ಸರ್ವರ್ ಇರುವಲ್ಲಿ.
• ಡಿಮಾರ್ಕ್ ಅನ್ನು "ಸುಮ್ಮನೆ ಬಿಡಿ" ಎಂದು ಹಾಕಿ ಹಾಗೇ ಮರೆತುಬಿಡುವುದು. ಶುರುವಿನಲ್ಲಿ ಹಾಗೆ ಹಾಕುವುದು ಸರಿಯೇ. ಕೆಲವು ವಾರ ವರದಿ ನೋಡಿ, ನಮ್ಮ ಅಸಲಿ ಮೇಲ್ ಎಲ್ಲವೂ ಪಾಸಾಗುತ್ತಿದೆ ಎಂದು ಖಚಿತವಾದ ಮೇಲೆ ಬಿಗಿ ಮಾಡಬೇಕು. ಮಾಡದಿದ್ದರೆ ಬಾಗಿಲಿಗೆ ಸಿಸಿಟಿವಿ ಇದೆ, ಬೀಗ ಇಲ್ಲ ಎಂಬಂತೆ.

ನಂಬಿಕೆ: "ಡಿಎನ್‌ಎಸ್ ಬದಲಾಯಿಸಿದರೆ 48 ಗಂಟೆ ಕಾಯಲೇಬೇಕು"

ಇದು ನಿಯಮವಲ್ಲ. ಪ್ರತಿ ದಾಖಲೆಯ ಜೊತೆ ಟಿಟಿಎಲ್ ಎಂಬ ಒಂದು ಸಂಖ್ಯೆ ಇರುತ್ತದೆ. ಬೇರೆ ಸರ್ವರ್‌ಗಳು ಹಳೆಯ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. 3600 ಎಂದಿದ್ದರೆ ಒಂದು ಗಂಟೆ. ಮೇಲ್ ಸೇವೆ ಬದಲಿಸುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಿಟ್ಟರೆ ಬದಲಾವಣೆ ಬಹುಮಟ್ಟಿಗೆ ನಿಮಿಷಗಳಲ್ಲಿ ಜಾರಿಗೆ ಬರುತ್ತದೆ. ನೇಮ್‌ಸರ್ವರನ್ನೇ ಬದಲಿಸಿದಾಗ ಮಾತ್ರ ಹೆಚ್ಚು ಹೊತ್ತು ಹಿಡಿಯಬಹುದು.

ಇಷ್ಟೆಲ್ಲ ಇದ್ದರೆ ಮೋಸ ನಿಲ್ಲುತ್ತದೆಯೇ?

ಇಲ್ಲ. ಈ ದಾಖಲೆಗಳು ಹೇಳುವುದು "ಮೇಲ್ ಈ ಡೊಮೇನ್‌ನ ಹೆಸರಿನಲ್ಲಿ ಅನುಮತಿಯಿಂದಲೇ ಬಂದಿದೆ" ಎಂದಷ್ಟೇ. ಕಳಿಸಿದವರು ಒಳ್ಳೆಯವರು ಎಂದು ಅವು ಹೇಳುವುದಿಲ್ಲ. ಮೂರು ದಾರಿಗಳು ತೆರೆದೇ ಇರುತ್ತವೆ. ಒಂದು, ನೋಡಲು ಹಾಗೆಯೇ ಕಾಣುವ ಬೇರೆ ಡೊಮೇನ್. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ ಎಂ ಅಕ್ಷರದಂತೆ ಕಾಣುತ್ತವೆ. ಎರಡು, ವಿಳಾಸ ಯಾವುದೋ ಇದ್ದು ಹೆಸರಿನ ಜಾಗದಲ್ಲಿ ಮಾತ್ರ ಬ್ಯಾಂಕಿನ ಹೆಸರು. ಮೂರು, ಪಾಸ್‌ವರ್ಡ್ ಕದ್ದು ಅಸಲಿ ಖಾತೆಯಿಂದಲೇ ಕಳಿಸುವ ಮೇಲ್.

ಮೊದಲ ದಾರಿಯನ್ನು ಕಿರಿದಾಗಿಸಲು ಭಾರತೀಯ ರಿಸರ್ವ್ ಬ್ಯಾಂಕ್ 2025ರಲ್ಲಿ ಒಂದು ಕ್ರಮ ಕೈಗೊಂಡಿತು. "ಬ್ಯಾಂಕ್ ಡಾಟ್ ಇನ್" ಎಂದು ಕೊನೆಯಾಗುವ ಡೊಮೇನ್ ಅನ್ನು ಬ್ಯಾಂಕುಗಳಿಗೆ ಮಾತ್ರ ಮೀಸಲಿಟ್ಟು, ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕುಗಳಿಗೆ ಸೂಚಿಸಿತು.

ಹಾಗಾದರೆ ನೀವೇನು ಮಾಡಬೇಕು?

ಮೇಲ್ ಬಂದಾಗ: ಫೋನಿನಲ್ಲಿ ಕಳುಹಿಸಿದವರ ವಿವರದ ಮೇಲೆ ಒತ್ತಿ ಪೂರ್ಣ ವಿಳಾಸ ನೋಡಿ, ಹೆಸರನ್ನಷ್ಟೇ ನಂಬಬೇಡಿ. ಅನುಮಾನವಿದ್ದರೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಆ ಮೇಲ್‌ನ ಮೂರು ಚುಕ್ಕಿ ಒತ್ತಿ "ಶೋ ಒರಿಜಿನಲ್" ಆಯ್ಕೆ ಮಾಡಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್‌ಗಳ ಮುಂದೆ ಪಾಸ್ ಅಥವಾ ಫೇಲ್ ಎಂದಿರುತ್ತದೆ. ಹಣದ ವಿಷಯವಾದರೆ ಇವೆಲ್ಲ ಪಾಸಾಗಿದ್ದರೂ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರ್‌ಗೆ ಫೋನ್ ಮಾಡಿ ಕೇಳಿ. ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಬೇಡ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಸ್ವಂತ ಡೊಮೇನ್ ಇದ್ದರೆ: ನಾಲ್ಕು ದಾಖಲೆಗಳೂ ಇವೆಯೇ ಎಂದು ವೆಬ್‌ಸೈಟ್ ಮಾಡಿಕೊಟ್ಟವರನ್ನು ಇವತ್ತೇ ಕೇಳಿ. ಮೇಲ್‌ಗೆ ಬಳಸದ ಡೊಮೇನ್ ಇದ್ದರೆ ಅದಕ್ಕೂ "ಇಲ್ಲಿಂದ ಯಾರೂ ಮೇಲ್ ಕಳಿಸುವುದಿಲ್ಲ" ಎಂಬ ಎಸ್‌ಪಿಎಫ್ ಮತ್ತು "ತಿರಸ್ಕರಿಸಿ" ಎಂಬ ಡಿಮಾರ್ಕ್ ಹಾಕಿಸಿ.

ಫಾರ್ವರ್ಡ್ ಬಂದಾಗ: ಸ್ಕ್ರೀನ್‌ಶಾಟ್‌ನಲ್ಲಿ ಈ ಯಾವ ಪರೀಕ್ಷೆಯೂ ಸಾಧ್ಯವಿಲ್ಲ. ಅದು ಮೇಲ್‌ನ ಚಿತ್ರ ಮಾತ್ರ. ಅದರಲ್ಲಿ ಯಾರ ವಿಳಾಸ ಕಂಡರೂ, ಮುಂದಕ್ಕೆ ಕಳಿಸುವ ಮೊದಲು ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿ.