ಹಿಸ್ಟರಿ ಅಳಿಸಿದೆವು, ಮಾಹಿತಿ ಅಳಿಯಿತೇ?

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಕಡೆಗೆ ವೈಟ್‌ಫೀಲ್ಡ್ ಬೆಳೆದುಬಂದಂತೆ ಜಮೀನಿನ ಕಾಗದಪತ್ರಗಳಿಗೆ ಓಡಾಟವೂ ಹೆಚ್ಚಿದೆ. ಆ ಓಡಾಟವೆಲ್ಲ ಈಗ ಆನ್‌ಲೈನ್. ಪಹಣಿಗೆ ಭೂಮಿ, ಪಂಚಾಯಿತಿ ಆಸ್ತಿಯ ನಮೂನೆ 9 ಮತ್ತು 11ಕ್ಕೆ ಇ-ಸ್ವತ್ತು, ಋಣಭಾರ ಪ್ರಮಾಣಪತ್ರಕ್ಕೆ ಕಾವೇರಿ 2.0 ಎಂಬ ಸರ್ಕಾರಿ ಜಾಲತಾಣಗಳಿವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸೈಬರ್ ಸೆಂಟರಿನಲ್ಲಿ ಕೂತು ಹೆಸರು, ಮೊಬೈಲ್ ನಂಬರ್, ಸರ್ವೆ ನಂಬರ್ ತುಂಬಿ ಪ್ರಿಂಟ್ ತೆಗೆದುಕೊಂಡು ಬರುತ್ತಾರೆ. ತಿಳಿದವರು ಏಳುವ ಮುಂಚೆ ಹಿಸ್ಟರಿ ಡಿಲೀಟ್ ಮಾಡುತ್ತಾರೆ. ಒಳ್ಳೆಯ ಅಭ್ಯಾಸವೇ. ಆದರೆ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ.

ನಾವು ಹುಡುಕಿದ್ದರ ಗುರುತು ಮೂರು ಕಡೆ ಉಳಿಯಬಹುದು: ಎದುರಿನ ಬ್ರೌಸರಿನಲ್ಲಿ, ಲಾಗಿನ್ ಆದ ಖಾತೆಯಲ್ಲಿ, ಇಂಟರ್ನೆಟ್ ಒದಗಿಸುವ ಕಂಪನಿಯಲ್ಲಿ. ಹಿಸ್ಟರಿ ಅಳಿಸುವ ಗುಂಡಿ ಮುಖ್ಯವಾಗಿ ಮೊದಲನೆಯದನ್ನು ಮುಟ್ಟುತ್ತದೆ.

ಮೊದಲು ಬ್ರೌಸರ್ ನೋಡೋಣ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಡಿಲೀಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಪೆಟ್ಟಿಗೆ ತೆರೆಯುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಕಳೆದ ಒಂದು ಗಂಟೆಯದನ್ನಷ್ಟೇ ಆರಿಸಿ. ಪೂರ್ತಿ ಅಳಿಸಿದರೆ ಬೇರೆಯವರ ಕೆಲಸಕ್ಕೆ ತೊಂದರೆ. ಹಿಸ್ಟರಿಯ ಜೊತೆಗೆ ಕುಕೀಗಳಿಗೂ ಗುರುತು ಹಾಕಿ. ಲಾಗಿನ್ ಆಗಿರುವ ಸ್ಥಿತಿಯನ್ನು ಹಿಡಿದಿಡುವುದು ಕುಕೀಗಳೇ. ಅದಕ್ಕೂ ಮೊದಲು ಪ್ರತಿ ಜಾಲತಾಣದಿಂದ ಲಾಗ್‌ಔಟ್ ಆಗುವುದನ್ನು ಮರೆಯಬೇಡಿ.

ಬಹಳ ಜನ ಎಡವುವುದು ಡೌನ್‌ಲೋಡ್‌ನಲ್ಲಿ. ಡೌನ್‌ಲೋಡ್ ಹಿಸ್ಟರಿ ಅಳಿಸಿದರೆ ಪಟ್ಟಿ ಮಾತ್ರ ಹೋಗುತ್ತದೆ, ಫೈಲ್ ಹೋಗುವುದಿಲ್ಲ. ನಿಮ್ಮ ಪಹಣಿಯ, ಆಧಾರ್‌ನ ಪಿಡಿಎಫ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೆಯೇ ಇರುತ್ತದೆ. ಅದನ್ನು ಅಲ್ಲಿಂದಲೂ, ರಿಸೈಕಲ್ ಬಿನ್‌ನಿಂದಲೂ ತೆಗೆಯಬೇಕು.

ಎರಡನೆಯದು ಖಾತೆ. ಗೂಗಲ್‌ಗೆ ಲಾಗಿನ್ ಆಗಿ ಹುಡುಕಿದ್ದು 'ಮೈ ಆಕ್ಟಿವಿಟಿ' ಪುಟದಲ್ಲಿ ಉಳಿಯಬಹುದು. ಅಲ್ಲಿ ಒಂದೊಂದಾಗಿ ಅಳಿಸಬಹುದು. 3, 18 ಅಥವಾ 36 ತಿಂಗಳಿಗೆ ತಾನಾಗಿ ಅಳಿಯುವಂತೆಯೂ ಮಾಡಬಹುದು. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವ ಕಡೆ ಈ ಏರ್ಪಾಡು ತುಂಬ ಉಪಯುಕ್ತ. ಒಂದೇ ಖಾತೆಯ ಸಾಧನಗಳನ್ನು ಹೊಂದಿಸುವ 'ಸಿಂಕ್' ಚಾಲೂ ಇದ್ದರೆ ಇನ್ನೊಂದು ಅಪಾಯವಿದೆ: ಬ್ರೌಸರ್ ಅಂಗಡಿಯವರ ಖಾತೆಯಲ್ಲಿ ತೆರೆದಿದ್ದರೆ ನೀವು ನೋಡಿದ ಪುಟಗಳು ಅವರ ಫೋನಿನಲ್ಲೂ ಕಾಣಿಸಬಹುದು.

ಮೂರನೆಯದು ನಮ್ಮ ಕೈಯಲ್ಲಿಲ್ಲ. ಯಾವ ತಾಣಕ್ಕೆ ಹೋದಿರಿ ಎಂಬುದು ಇಂಟರ್ನೆಟ್ ಕಂಪನಿಗೆ ತಿಳಿಯಬಲ್ಲದು. ಬ್ರೌಸರಿನಲ್ಲಿ ಹಿಸ್ಟರಿ ಉಳಿಸದ 'ಇನ್‌ಕಾಗ್ನಿಟೊ' ಕಿಟಕಿಯೂ ಅದನ್ನು ಮರೆಮಾಡುವುದಿಲ್ಲ. ಈ ಕಿಟಕಿಯಲ್ಲಿ ನೋಡಿದ್ದನ್ನೂ ದಾಖಲಿಸಿಕೊಳ್ಳುತ್ತದೆ ಎಂದು ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಯಿತು. ಅಂಥ ಕೋಟ್ಯಂತರ ದಾಖಲೆಗಳನ್ನು ನಾಶಮಾಡಲು ಕಂಪನಿ 2024ರಲ್ಲಿ ಒಪ್ಪಿಕೊಂಡಿತು.

ಮುಚ್ಚಿಡುವಂಥದ್ದೇನೂ ಇಲ್ಲದಿದ್ದರೆ ಅಳಿಸುವುದೇಕೆ ಎಂದು ಕೇಳುವವರಿದ್ದಾರೆ. ಕಾಯಿಲೆ, ಸಾಲ, ಪಾಲುಪಟ್ಟಿ ಇವನ್ನು ಹುಡುಕುವುದು ತಪ್ಪಲ್ಲ. ಊರಿಗೆಲ್ಲ ತಿಳಿಯಬೇಕಾದದ್ದೂ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ತೀರ್ಪಿಗೆ ಕಾರಣವಾದ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಹಕ್ಕು ತೀರ್ಪಿನಲ್ಲಿದ್ದರೆ ಸಾಲದು, ಅಂಗಡಿಯ ಮೇಜಿನ ಮೇಲೂ ಇರಬೇಕು. ಸೈಬರ್ ಸೆಂಟರಿನವರು, ಪಂಚಾಯಿತಿ ಸೇವಾ ಕೇಂದ್ರದವರು ಗ್ರಾಹಕರಿಗೆ ಕ್ರೋಮ್‌ನ 'ಗೆಸ್ಟ್' ಕಿಟಕಿಯನ್ನೇ ತೆರೆದುಕೊಡಲಿ. ಮುಚ್ಚಿದೊಡನೆ ಹಿಸ್ಟರಿ, ಕುಕೀ ಎರಡೂ ಅಳಿಯುತ್ತವೆ. ಡೌನ್‌ಲೋಡ್ಸ್ ಫೋಲ್ಡರನ್ನು ದಿನವೂ ಖಾಲಿ ಮಾಡಲಿ. ನಾವೂ ಅಷ್ಟೇ, ಲಾಗ್‌ಔಟ್ ಆಗಿ, ಫೈಲ್ ಅಳಿಸಿ, ಕಿಟಕಿ ಮುಚ್ಚಿದ ಮೇಲೆಯೇ ಕುರ್ಚಿಯಿಂದ ಏಳೋಣ.