ಕಾಲೇಜಿನ ಕರೆಯೋಲೆ, ಜಗಲಿಯ ಓಲೆಗರಿ



ಮಾಘಮಾಸ ಸಮೀಪಿಸಿತೆಂದರೆ ನಮ್ಮ ಮೇಜಿನ ಮೇಲೆ ಕಾಲೇಜುಗಳ ಆಮಂತ್ರಣ ಪತ್ರಿಕೆಗಳು ಒಂದರ ಮೇಲೊಂದು ಬಂದು ಬೀಳತೊಡಗುತ್ತವೆ. ಈ ಸಲ ಧಾರವಾಡದ ಕಾಲೇಜೊಂದರಿಂದ ಬಂದ ಪತ್ರಿಕೆಯಲ್ಲಿ ಮೂರು ಕಾರ್ಯಕ್ರಮಗಳನ್ನು ಒಟ್ಟಿಗೇ ಮುದ್ರಿಸಿದ್ದಾರೆ: ಒಂದು ದತ್ತಿ ಉಪನ್ಯಾಸ, ಎರಡು ದಿನಗಳ ಓಲೆಗರಿ ಓದುವ ಕಮ್ಮಟ, ಕೊನೆಗೆ ವಾರ್ಷಿಕ ಸ್ನೇಹ ಸಮ್ಮೇಳನ. ಕೆಳಗೆ ಚಿಕ್ಕ ಅಕ್ಷರಗಳಲ್ಲಿ ‘ಸಾರ್ವಜನಿಕರಿಗೆ ಆದರದ ಸ್ವಾಗತ’ ಎಂದೂ ಇದೆ. ಈ ಸಾರ್ವಜನಿಕರು ಯಾರು? ಪತ್ರಿಕೆಯನ್ನು ಕೈಯಲ್ಲಿ ಹಿಡಿದು ನಾವು ಬಹಳ ಹೊತ್ತು ಇದನ್ನೇ ಯೋಚಿಸಿದೆವು. ಏಕೆಂದರೆ ನಾವು ಕಂಡ ಇಂಥ ಹತ್ತು ಸಭೆಗಳಲ್ಲಿ ಒಂಬತ್ತರಲ್ಲಿ ಸಾರ್ವಜನಿಕರ ಕುರ್ಚಿಗಳು ಖಾಲಿಯಾಗಿಯೇ ಇರುತ್ತವೆ.

ಉಪನ್ಯಾಸದ ಮಾತನ್ನು ಮೊದಲು ಆಡಿ ಮುಗಿಸುತ್ತೇವೆ. ದತ್ತಿ ಎಂಬುದು ನಮ್ಮ ಮನೆತನಗಳು ತಾವಾಗಿ ಬೆಳೆಸಿದ ಒಳ್ಳೆಯ ಪದ್ಧತಿ. ತಂದೆಯ ಹೆಸರಿನಲ್ಲಿಯೋ ತಾಯಿಯ ಹೆಸರಿನಲ್ಲಿಯೋ ಒಂದಿಷ್ಟು ಹಣವನ್ನು ಸಂಸ್ಥೆಯಲ್ಲಿ ಠೇವಣಿ ಇಟ್ಟರೆ, ಅದರ ಬಡ್ಡಿಯಿಂದ ವರ್ಷಕ್ಕೊಂದು ಉಪನ್ಯಾಸ ನಡೆಯುತ್ತದೆ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂಥ ದತ್ತಿಗಳು ಅನೇಕ. ಆದರೆ 1990ರ ದಶಕದಲ್ಲಿ 10,000 ರೂಪಾಯಿ ಇಟ್ಟ ಮನೆತನದವರು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಅಂದು ಅದಕ್ಕೆ ವರ್ಷಕ್ಕೆ ಸಾವಿರಕ್ಕೂ ಮೇಲೆ ಬಡ್ಡಿ ಬರುತ್ತಿತ್ತು. ಅಂದಿನ ಸಾವಿರದಲ್ಲಿ ಉಪನ್ಯಾಸಕರ ಪ್ರಯಾಣ, ಸಂಭಾವನೆ, ಬಂದವರಿಗೆ ಚಹ ಎಲ್ಲವೂ ಸಾಗುತ್ತಿದ್ದವು. ಇಂದು ಬರುವುದು ಏಳುನೂರರ ಆಸುಪಾಸು. ಅದರಲ್ಲಿ ಹಿಂದೆ ತೂಗುಹಾಕುವ ಬ್ಯಾನರೂ ಆಗದು. ಸಂಸ್ಥೆಯವರು ಸಂಕೋಚದಿಂದ ಕೇಳುವುದಿಲ್ಲ, ಮನೆಯವರಿಗೆ ತಿಳಿಯುವುದಿಲ್ಲ. ಹೀಗೆ ನಾಲ್ಕು ದತ್ತಿಗಳನ್ನು ಒಂದೇ ದಿನ ಒಂದೇ ವೇದಿಕೆಯಲ್ಲಿ ತೀರಿಸಿಬಿಡುವ ರೂಢಿ ಬಂದಿದೆ. ಹಿರಿಯರ ಹೆಸರಿನ ದತ್ತಿ ಇದ್ದವರು ಈ ವರ್ಷ ಸಂಸ್ಥೆಗೆ ಹೋಗಿ ಮೂಲಧನವನ್ನು ಒಮ್ಮೆ ವಿಚಾರಿಸಿ ಬರಲಿ.

ಇನ್ನೊಂದು ಮಾತನ್ನು ನಮ್ಮ ಮೇಲೆಯೇ ಹೇಳಿಕೊಳ್ಳಬೇಕು. ಕೆಲ ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಾವು ಒಂದು ತಾಸು ನಲವತ್ತು ನಿಮಿಷ ಮಾತನಾಡಿದೆವು. ವಿದ್ಯಾರ್ಥಿಗಳು ಅಲುಗಾಡದೆ ಕುಳಿತಿದ್ದರು. ನಮಗೆ ಪರಮ ಸಂತೋಷ. ಹೊರಗೆ ಬಂದ ಮೇಲೆ ಬಾಗಿಲ ಬಳಿ ನಿಂತ ಸಿಪಾಯಿ, ‘ಹಾಜರಿ ಪಟ್ಟಿ ಕೊನೀಗೆ ಐತ್ರಿ ಗುರುಗಳ, ಅದಕ್ಕ ಯಾರೂ ಎದ್ದಿಲ್ರಿ’ ಎಂದ. ಅಂದಿನಿಂದ ನಾವು ನಲವತ್ತು ನಿಮಿಷ ದಾಟುವುದಿಲ್ಲ. 2010ರ ಯುಜಿಸಿ ನಿಯಮಾವಳಿಗಳು ಬಂದ ಮೇಲೆ ಅಧ್ಯಾಪಕರ ಬಡ್ತಿಗೆ ವಿಚಾರ ಸಂಕಿರಣಗಳನ್ನು ಅಂಕಗಳಾಗಿ ಎಣಿಸತೊಡಗಿದರು. ನ್ಯಾಕ್ ತಂಡದವರು ಬಂದಾಗಲೂ ಎಷ್ಟು ಕಾರ್ಯಕ್ರಮ ನಡೆಸಿದಿರಿ ಎಂಬ ಪ್ರಶ್ನೆ ಏಳುತ್ತದೆ. ಹೀಗಾಗಿ ಪ್ರಮಾಣಪತ್ರಕ್ಕಾಗಿಯೇ ನಡೆಯುವ ಸಭೆಗಳು ಹೆಚ್ಚಿವೆ. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಈ ಸಲದ ಕಮ್ಮಟ ಅಂಥದಲ್ಲ. ಈ ಅಂಕಣವನ್ನು ಬರೆಯಲು ಕುಳಿತುದೇ ಅದಕ್ಕಾಗಿ.

ನಮ್ಮ ಮನೆಗಳ ಜಗಲಿಯ ಮೇಲೆ, ಲಿಂಗಪೂಜೆಯ ಮಣೆಯ ಹಿಂದೆ, ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಕಟ್ಟು ಇರುತ್ತಿತ್ತು. ಮಹಾನವಮಿಯಲ್ಲಿ ಅದನ್ನು ಕೆಳಗಿಳಿಸಿ, ವಿಭೂತಿ ಹಚ್ಚಿ, ಹೂವೇರಿಸಿ, ಮತ್ತೆ ಮೇಲಿಡುತ್ತಿದ್ದರು. ಬಿಚ್ಚಿ ಓದುವವರು ತೀರಿಹೋಗಿ ಎರಡು ತಲೆಮಾರು ಕಳೆದಿವೆ. ಕಳೆದ ಶ್ರಾವಣದಲ್ಲಿ ಪುರಾಣ ಮುಗಿಸಿ ಕುಳಿತಾಗ ಸವದತ್ತಿ ಕಡೆಯ ಹಿರಿಯ ಯಜಮಾನರೊಬ್ಬರು ಬಂದು ನಮಸ್ಕರಿಸಿ, ‘ಗುರುಗಳ, ಹಳೇ ಮನಿ ಕೆಡವಿದಾಗ ನಮ್ಮ ಮುತ್ತ್ಯಾನ ಓಲಿಕಟ್ಟು ಸಿಕ್ಕಿತ್ರಿ. ಹುಳ ಹತ್ತಿತ್ತು. ಮನ್ಯಾಗ ಇಟ್ಟರ ಪಾಪ ಅಂತ ಮಲಪ್ರಭಾಕ್ಕ ಬಿಟ್ಟು ಬಂದ್ವಿರಿ’ ಎಂದರು. ಪುಣ್ಯಕಾರ್ಯ ಮಾಡಿದ ಸಮಾಧಾನ ಅವರ ಮುಖದಲ್ಲಿತ್ತು. ನಾವು ಏನನ್ನೂ ಹೇಳಲಿಲ್ಲ. ಹೇಳುವ ನೈತಿಕ ಅಧಿಕಾರ ನಮಗಿರಲಿಲ್ಲ.

ಹನ್ನೊಂದು ವರ್ಷದ ವಟುವಾಗಿ ನಾವು ಒಂದು ಮಠದಲ್ಲಿ ಓದುತ್ತಿದ್ದಾಗ, ಜಾತ್ರೆಗೆ ಮುಂಚೆ ಉಗ್ರಾಣ ಗುಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಮೂಲೆಯಲ್ಲಿ ಮೂರು ಕಟ್ಟುಗಳಿದ್ದವು. ಕಾರುಭಾರಿಗಳು ಹೊಳೆಗೆ ಬಿಟ್ಟು ಬಾ ಎಂದರು. ತಲೆಯ ಮೇಲೆ ಹೊತ್ತು ಹೋಗಿ ಬಿಟ್ಟೆವು. ಗರಿಗಳು ಕೂಡಲೇ ಮುಳುಗಲಿಲ್ಲ. ದಾರ ಹರಿದು ಹರಡಿಕೊಂಡು ಬಹಳ ದೂರದವರೆಗೆ ತೇಲುತ್ತ ಹೋದವು. ಅವುಗಳಲ್ಲಿ ಏನಿತ್ತೋ! ಬಹುಶಃ ಅಲ್ಲಿದ್ದುದು ಎಲ್ಲೆಡೆ ದೊರೆಯುವ ಗ್ರಂಥದ ಮತ್ತೊಂದು ಪ್ರತಿಯೇ ಆಗಿದ್ದೀತು. ವೈದ್ಯದ ಚೀಟಿ, ಪಂಚಾಂಗ, ಸಾಲದ ಲೆಕ್ಕವೂ ಆಗಿದ್ದೀತು. ಆದರೆ ಅದನ್ನು ತಿಳಿಯುವ ದಾರಿಯನ್ನು ನಾವೇ ಮುಚ್ಚಿದೆವು. 1976ರಲ್ಲಿ ಧಾರವಾಡಕ್ಕೆ ಓದಲು ಬಂದು, ಗ್ರಂಥಸಂಪಾದನೆಯ ಬಗೆಗೆ ಮೊದಲ ಉಪನ್ಯಾಸ ಕೇಳಿದ ದಿನ ನಮಗೆ ರಾತ್ರಿ ನಿದ್ರೆ ಹತ್ತಲಿಲ್ಲ.

ಒಂದು ಕಟ್ಟಿನ ಬೆಲೆ ಎಷ್ಟೆಂದು ಕೇಳುವವರಿಗೆ ಎರಡು ಸಂಗತಿಗಳು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ಓಲೆಕಟ್ಟನ್ನು ಒಪ್ಪಿಸಿದರು. ಅದನ್ನು ಆರ್. ಶಾಮಶಾಸ್ತ್ರಿಗಳು ಓದಿ, ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಹೆಸರು ಮಾತ್ರ ಕೇಳಿದ್ದ ಗ್ರಂಥ ಲೋಕಕ್ಕೆ ದೊರಕಿದ್ದು ಹೀಗೆ. ಎರಡನೆಯದು ನಮ್ಮ ಮನೆಯ ಮಾತೇ. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ಮಾಡುತ್ತ, ಮನೆಮನೆ ಮಠಮಠಗಳಿಂದ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಜಗಲಿಯ ಮೇಲಿನ ಗಂಟನ್ನು ನಂಬಿಕೆಯಿಂದ ಬಿಚ್ಚಿ ಅವರ ಕೈಗಿತ್ತ ಗೃಹಸ್ಥರು ಇಲ್ಲದಿದ್ದರೆ, 1993ರಲ್ಲಿ ಸರ್ಕಾರ ಹೊರತಂದ 15 ವಚನ ಸಂಪುಟಗಳಿಗೆ ಅಡಿಪಾಯ ಎಲ್ಲಿಂದ ಬರಬೇಕಿತ್ತು? ಕೊಟ್ಟ ಆ ಗೃಹಸ್ಥರಲ್ಲಿ ಹೆಚ್ಚಿನವರ ಹೆಸರು ಯಾವ ಮುನ್ನುಡಿಯಲ್ಲಿಯೂ ಇಲ್ಲ.

ಕಮ್ಮಟದಲ್ಲಿ ಕಲಿಸುವುದೇನು? ತಾಳೆಗರಿಯನ್ನು ಬೇಯಿಸಿ, ಒಣಗಿಸಿ, ಹದಮಾಡಿ, ಕಂಠವೆಂಬ ಕಬ್ಬಿಣದ ಮೊನೆಯಿಂದ ಕೊರೆಯುತ್ತಿದ್ದರು. ಕೊರೆದಾಗ ಅಕ್ಷರ ಕಾಣದು. ಮೇಲೆ ಕಾಡಿಗೆಯ ಮಸಿ ಸವರಿ ಒರೆಸಿದರೆ ಗೀರುಗಳಲ್ಲಿ ಕಪ್ಪು ನಿಂತು ಅಕ್ಷರ ಮೂಡುತ್ತದೆ. ಅನೇಕರು ‘ಅಕ್ಷರ ಅಳಿಸಿಹೋಗಿದೆ’ ಎಂದು ಬಿಸುಡುವ ಗರಿಯಲ್ಲಿ ಅಕ್ಷರ ಅಳಿದಿರುವುದಿಲ್ಲ, ಮಸಿ ಮಾತ್ರ ಹೋಗಿರುತ್ತದೆ. ಪದಗಳ ನಡುವೆ ಜಾಗವಿಲ್ಲ, ವಿರಾಮಚಿಹ್ನೆ ಇಲ್ಲ. ಎಕಾರ ಒಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವನ್ನು ಲಿಪಿಕಾರ ತೋರಿಸುವುದಿಲ್ಲ. ‘ಕೊಡು’ ಎಂದಿದೆಯೋ ‘ಕೋಡು’ ಎಂದಿದೆಯೋ ಸಂದರ್ಭ ನೋಡಿ ಓದುಗನೇ ನಿಶ್ಚಯಿಸಬೇಕು. ಮೊದಲ ದಿನ ಅರ್ಧ ಗರಿ ಓದಿದರೆ ಹೆಚ್ಚು. ಎರಡನೆಯ ದಿನ ಸಂಜೆಗೆ ಕಣ್ಣು ಪಳಗುತ್ತದೆ. ಕನ್ನಡ ಓದಬಲ್ಲ ಯಾರಿಗಾದರೂ ಇದು ಸಾಧ್ಯ. ಹತ್ತನೆಯ ಇಯತ್ತೆಯ ಹುಡುಗಿಗೂ, ನಿವೃತ್ತ ಗುಮಾಸ್ತರಿಗೂ.

ಕೊಟ್ಟರೆ ಕಟ್ಟು ಮರಳಿ ಬಂದೀತೇ ಎಂಬ ಅಂಜಿಕೆ ಮನೆಯವರಿಗೆ ಸಹಜ. ಹಿಂದೆ ಒಯ್ದವರು ಮರಳಿಸದ ಉದಾಹರಣೆಗಳನ್ನು ನಾವೂ ಬಲ್ಲೆವು, ಅದನ್ನು ಮುಚ್ಚಿಡುವುದಿಲ್ಲ. ಈಗ ಕಟ್ಟನ್ನು ಬಿಟ್ಟುಕೊಡುವ ಅಗತ್ಯವಿಲ್ಲ. ಛಾಯಾಚಿತ್ರ ತೆಗೆದುಕೊಂಡು ಅಲ್ಲಿಯೇ ಮರಳಿಸುತ್ತಾರೆ. 2003ರಲ್ಲಿ ಕೇಂದ್ರ ಸರ್ಕಾರ ಹಸ್ತಪ್ರತಿಗಳಿಗಾಗಿ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತ್ತು; 2025ರ ಮುಂಗಡಪತ್ರದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ಸಂರಕ್ಷಣೆಗೆಂದು ಜ್ಞಾನಭಾರತಂ ಯೋಜನೆಯನ್ನು ಘೋಷಿಸಿತು. ಯೋಜನೆ ಎಷ್ಟೇ ದೊಡ್ಡದಿದ್ದರೂ ಜಗಲಿಯ ಮೇಲಿನದನ್ನು ಇಳಿಸಬೇಕಾದವರು ಮನೆಯವರೇ.

ಸ್ನೇಹ ಸಮ್ಮೇಳನದ ಬಗೆಗೆ ಎರಡು ಮಾತು. ನಮ್ಮ ಕಡೆ ಇದನ್ನು ಈಗಲೂ ‘ಗ್ಯಾದರಿಂಗ್’ ಎನ್ನುತ್ತಾರೆ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಆರಂಭವಾದಾಗ ಈ ಸೀಮೆ ಮುಂಬಯಿ ಇಲಾಖೆಗೆ ಸೇರಿತ್ತು, ಆ ಕಡೆಯ ಮಾತು ಉಳಿದುಕೊಂಡಿದೆ. ಸಾಂಪ್ರದಾಯಿಕ ಉಡುಗೆಯ ದಿನವೆಂದು ಮಕ್ಕಳು ನಗರದಲ್ಲಿ ಸೀರೆಗಳನ್ನು ಬಾಡಿಗೆಗೆ ತರುತ್ತಾರಂತೆ. ಅಜ್ಜಿಯ ಪೆಟ್ಟಿಗೆಯಲ್ಲಿ ಇಲಕಲ್ಲ ಸೀರೆ ಇರುವಾಗ ಬಾಡಿಗೆ ಏಕೋ ನಮಗೆ ತಿಳಿಯದು. ಪ್ರಸಾದ ನಿಲಯದ ಹುಡುಗನಿಗೆ ವಂತಿಗೆಯ ಹಣವೇ ಭಾರ. ಧ್ವನಿವರ್ಧಕಗಳಿಗೆ ಸುರಿಯುವುದರಲ್ಲಿ ಕಾಲುಭಾಗ ಉಳಿಸಿದರೂ ಅಂಥವರ ವಂತಿಗೆ ಬಿಡಬಹುದೆಂದು ಪ್ರಾಚಾರ್ಯರಿಗೆ ಬರೆದಿದ್ದೇವೆ. ಸಂಜೆ ಹೊತ್ತಾಗುತ್ತದೆಂದು ಹೆಣ್ಣುಮಕ್ಕಳನ್ನು ಕಳಿಸದ ತಾಯಂದಿರು ತಾವೇ ಜೊತೆಗೆ ಹೋಗಲಿ. ಪಾಲಕರಿಗೂ ಅಲ್ಲಿ ಕುರ್ಚಿಗಳಿವೆ.

ಕಮ್ಮಟಕ್ಕೆ ಬರುವವರಿಗೆ ಸೂಚನೆ: ಮನೆಯಲ್ಲಿ ಕಟ್ಟು ಇದ್ದರೆ ಬಿಚ್ಚಬೇಡಿ, ಬಿಸಿಲಿಗೆ ಹಾಕಬೇಡಿ, ಅಡುಗೆಯ ಎಣ್ಣೆ, ಕುಂಕುಮ, ನೀರು ಯಾವುದನ್ನೂ ಹಚ್ಚಬೇಡಿ. ಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯ ಪ್ರಮಾಣವನ್ನು ತಿಳಿದವರೇ ನೋಡಿಕೊಳ್ಳುತ್ತಾರೆ. ಸುತ್ತಿದ ಅರಿವೆಯ ಸಮೇತ ಎರಡು ಹಲಗೆಗಳ ನಡುವೆ ಇಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇರಿಸಿಕೊಂಡು ತನ್ನಿ. ಮನೆತನದ ಹೆಸರು, ಊರು, ಕಟ್ಟು ಯಾರ ಕಾಲದ್ದೆಂದು ಹಿರಿಯರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ನಾವು ಎರಡೂ ದಿನ ಬೆಳಗಿನಿಂದ ಅಲ್ಲಿಯೇ ಇರುತ್ತೇವೆ. ಸವದತ್ತಿ ಕಡೆಯ ಆ ಯಜಮಾನರೂ ಬರುತ್ತೇನೆಂದಿದ್ದಾರೆ. ಅವರ ತಮ್ಮನ ಮನೆಯ ಅಟ್ಟದ ಮೇಲೆ ಇನ್ನೊಂದು ಕಟ್ಟು ಇದೆಯಂತೆ.